ಬರದ ವರ್ಷಕ್ಕೆ ಹೋದ ಪ್ರವಾಸ ಮತ್ತು ಮೂಗಮ್ಮ ಎಂಬ ಮಗುವಿನ ಬಗ್ಗೆ ಅಡುಗೆಯ ಮಲ್ಲಾಜಮ್ಮ ಕೊಟ್ಟ ಹೇಳಿಕೆ

ಹೆಸರು ಮಲ್ಲಾಜಮ್ಮ ಕೋಂ ಲೇಟ್ ಗುರುಮಲ್ಲಯ್ಯ, ವಯಸ್ಸು 54 ವರ್ಷ, ಕಸುಬು ಅಡುಗೆ ಕೆಲಸ, ವಾಸ ಬೇಗೂರು ಗ್ರಾಮ, ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ. ದಿನಾಂಕ 16-08-2025ರ ಬೆಳಿಗ್ಗೆ 10-30 ಗಂಟೆಗೆ ಯಾರೂ ಕರೆಸದೆ ನಾನೇ ಗುಂಡ್ಲುಪೇಟೆ ಪೊಲೀಸ್ ಠಾಣೆಗೆ ಹಾಜರಾಗಿ ಹೇಳಿ ಬರೆಸುತ್ತಿರುವುದು ಹೀಗಿದೆ.

ನಾನು ಹದಿನಾಲ್ಕು ತಿಂಗಳಿಂದ, ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟದ ಕಡೆ 4 ಕಿ.ಮೀ. ದೂರದಲ್ಲಿರುವ ಗತಕಾಲ ಪ್ರವಾಸ ಎಂಬ ಕಂಪನಿಯಲ್ಲಿ ಅಡುಗೆ ಮಾಡಿಕೊಂಡಿದ್ದೆ. ಈ ಕಂಪನಿಯವರು ಜನರನ್ನು ಹಿಂದಿನ ವರ್ಷಗಳಿಗೆ ಕರೆದುಕೊಂಡು ಹೋಗಿ ಅದೇ ದಿನ ವಾಪಸ್ಸು ಕರೆತರುತ್ತಾರೆ. ಕಂಪನಿಯ ಹಿಂಭಾಗದಲ್ಲಿ ಕಬ್ಬಿಣದ ಬಾಗಿಲಿನ ಒಂದು ಕೋಣೆ ಇದೆ. ಒಳಗೆ ನಿಂತು ಬಾಗಿಲು ಹಾಕಿಕೊಂಡರೆ ಹನ್ನೊಂದು ನಿಮಿಷದ ಮೇಲೆ ಅದೇ ಜಾಗದಲ್ಲಿ, ಆದರೆ ಬೇರೆ ವರ್ಷದಲ್ಲಿ ಬಾಗಿಲು ತೆರೆಯುತ್ತದೆ. ಅದು ಹೇಗೆ ನಡೆಯುತ್ತದೆಂದು ನನಗೆ ತಿಳಿಯದು. ಅಲ್ಲಿಯ ನೀರು, ಆಹಾರ ಮುಟ್ಟಬಾರದೆಂಬ ನಿಯಮವಿರುವುದರಿಂದ ಊಟ ಕಟ್ಟಿಕೊಂಡು ನಾನೂ ಜೊತೆಗೆ ಹೋಗುತ್ತಿದ್ದೆ. ಇದುವರೆಗೆ ಸಂತೆಗೆ ಹೋಗುವ ಗಾಡಿಗಳ ಸಾಲು, ಮದುವೆ ದಿಬ್ಬಣ, ರಸ್ತೆ ದಾಟುವ ಆನೆ ಹಿಂಡು, ಇಂಥವನ್ನೇ ನೋಡಿ ಬರುತ್ತಿದ್ದೆವು.

ದಿನಾಂಕ 09-08-2025ರ ಶನಿವಾರ ಸಂಜೆ 5 ಗಂಟೆಗೆ ಮ್ಯಾನೇಜರ್ ಸೋಮಶೇಖರ್ ಅಡುಗೆಮನೆಗೆ ಬಂದು, ನಾಳೆಯದು ಹೊಸ ಪ್ರವಾಸ, 1877ನೇ ಇಸವಿಯ ದೊಡ್ಡ ಬರಕ್ಕೆ ಹೋಗುವುದು, ಎಂಟು ಜನ ಗಿರಾಕಿಗಳು ಎಂದು ತಿಳಿಸಿದರು. ಆ ಬರದ ಹೆಸರನ್ನು ನಾನು ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ. ಧಾತು, ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರು. ಹಾಗಾದರೆ ಅಲ್ಲಿಯವರಿಗೂ ಸೇರಿಸಿ ಒಂದು ಹಂಡೆ ಗಂಜಿ ಮಾಡಿಕೊಳ್ಳಲೇ ಎಂದು ಕೇಳಿದೆ. ಅವರು ನಕ್ಕು, ಅಲ್ಲಿ ಯಾರಿಗೂ ಏನೂ ಕೊಡುವಂತಿಲ್ಲ, ಅವರೆಲ್ಲ ಎಂದೋ ಸತ್ತವರು ಎಂದರು. ಗಿರಾಕಿಗಳು ಹಬ್ಬದ ಊಟ ಕೇಳಿದ್ದಾರೆಂದು ಹೇಳಿ ಹೋಳಿಗೆ, ಉದ್ದಿನವಡೆ, ಬಿಸಿಬೇಳೆಬಾತು, ಮೊಸರನ್ನ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಆಗಲೇ ಕೆಲಸ ಬಿಡಬಹುದಾಗಿತ್ತು. ಬಿಡಲಿಲ್ಲ. ಬೇಳೆ ನೆನೆಹಾಕಿದೆ.

ದಿನಾಂಕ 10-08-2025ರ ಭಾನುವಾರ ಬೆಳಿಗ್ಗೆ 8-40ಕ್ಕೆ ಎಲ್ಲರೂ ಹೊರಟೆವು. ಕೋಣೆಯಲ್ಲಿ ಒಂದು ಸಲಕ್ಕೆ ಆರು ಜನ ಮಾತ್ರ ಹಿಡಿಸುವುದರಿಂದ ನಾನು ಪಾತ್ರೆ, ಸ್ಟವ್ ಮತ್ತು ದೊಡ್ಡ ಐಸ್‌ಬಾಕ್ಸಿನ ಜೊತೆ ಕೊನೆಯದಾಗಿ ಹೋದೆ. ಬಾಗಿಲು ತೆರೆದಾಗ ಮೊದಲು ನನಗೆ ತಿಳಿದದ್ದು ವಾಸನೆ. ಬೆಟ್ಟ ಮಾತ್ರ ಇಲ್ಲಿ ಕಾಣುವ ಹಾಗೆಯೇ ಕಾಣುತ್ತಿತ್ತು. ಉಳಿದದ್ದು ಒಂದೂ ಹಾಗಿರಲಿಲ್ಲ. ರಸ್ತೆ ಬದಿಯ ಹುಣಸೆಮರಗಳಲ್ಲಿ ಆಳೆತ್ತರದವರೆಗೆ ಎಲೆಯೂ ಇರಲಿಲ್ಲ, ತೊಗಟೆಯೂ ಇರಲಿಲ್ಲ.

ರಸ್ತೆಯಿಂದ ಸುಮಾರು 15 ಅಡಿ ದೂರದ ದಿಬ್ಬದ ಮೇಲೆ ಶಾಮಿಯಾನ ಹಾಕಿ, ಸುತ್ತ ಹಗ್ಗ ಕಟ್ಟಿ, ಎಂಟು ಕುರ್ಚಿ ಜೋಡಿಸಿದ್ದರು. ಗಿರಾಕಿಗಳಿಗೆ ಗಂಧದೆಣ್ಣೆ ಹಾಕಿದ ಮಾಸ್ಕ್ ಕೊಟ್ಟಿದ್ದರು. ನನಗೆ ಕೊಟ್ಟಿರಲಿಲ್ಲ. ಗೈಡ್ ಕೆಲಸದ ರೂಪಶ್ರೀ ಎಂಬ ಹುಡುಗಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಕಂಪನಿಯವರು ಇದಕ್ಕೆ ಮುಂಚೆ ಇದೇ ದಿನಕ್ಕೆ ಮೂರು ಸಲ ಬಂದು, ಆ ದಾರಿಯಲ್ಲಿ ಯಾರು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತಾರೆ, ಎಷ್ಟು ಹೊತ್ತಿಗೆ ಸಾಯುತ್ತಾರೆ ಎಂದು ಬರೆದುಕೊಂಡು ಹೋಗಿದ್ದರು. ಆ ಹಾಳೆಯಲ್ಲಿದ್ದದ್ದು ಅದೇ. ನನಗೂ ಒಂದು ಹಾಳೆ ಬಂದಿತ್ತು, ಊಟ ಬಡಿಸುವ ಹೊತ್ತು ತಿಳಿಯಲೆಂದು. 12-10ಕ್ಕೆ ಊಟ, 12-25ಕ್ಕೆ ತಾಯಿ ಬೀಳುವುದು, 12-31ಕ್ಕೆ ಸಾವು, ಮಗು 4-10ಕ್ಕೆ ಎಂದು ಅಚ್ಚು ಮಾಡಿಸಿದ್ದರು. ಅದನ್ನು ತಮಗೆ ಹಾಜರುಪಡಿಸಿದ್ದೇನೆ.

ಬೆಳಿಗ್ಗೆ 9-30ರಿಂದ 12 ಗಂಟೆಯೊಳಗೆ ಸುಮಾರು ನಲವತ್ತು ಜನ ಆ ರಸ್ತೆಯಲ್ಲಿ ಪೇಟೆಯ ಗಂಜಿಕೇಂದ್ರದ ಕಡೆ ನಡೆದುಹೋದರು. ಯಾರೂ ಕೂಗಿ ಬೇಡಲಿಲ್ಲ. ನಾನು ಹೋಳಿಗೆ ಬಿಸಿ ಮಾಡಲು ಕಾವಲಿ ಇಟ್ಟು ತುಪ್ಪ ಹಾಕಿದ ಮೇಲೆ ಅವರು ನಿಲ್ಲತೊಡಗಿದರು. ನಿಂತು, ಶಾಮಿಯಾನದ ಕಡೆ ನೋಡಿ, ಮತ್ತೆ ನಡೆಯುತ್ತಿದ್ದರು. ಒಬ್ಬ ಮುದುಕ ನೆಲದ ಮೇಲೆ ಕೂತು ಬರೀ ಗಾಳಿಯನ್ನೇ ಎಳೆದುಕೊಂಡ. ಪವಿತ್ರ ಎಂಬ ಗಿರಾಕಿ, ಆ ಮುದುಕ ಅಡ್ಡ ಕೂತಿರುವುದರಿಂದ ರಸ್ತೆ ಸರಿಯಾಗಿ ಕಾಣುತ್ತಿಲ್ಲವೆಂದು ತಿಳಿಸಿದರು.

12-10ಕ್ಕೆ ನಾನು ಬಡಿಸಿದೆ. ಎಲ್ಲರೂ ಮಾಸ್ಕ್ ಕೆಳಗಿಳಿಸಿ ಊಟ ಮಾಡಿದರು. ಇಬ್ಬರು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡರು. ಹಾಕಿದವಳು ನಾನೇ. ಇದನ್ನು ಬಿಟ್ಟು ಬರೆಯಬಾರದೆಂದು ಕೋರುತ್ತೇನೆ.

12-20ಕ್ಕೆ ಸುಮಾರು ಮೂವತ್ತು ವರ್ಷದ ಒಬ್ಬ ಹೆಂಗಸು, ಐದು ವರ್ಷ ಇರಬಹುದಾದ ಒಂದು ಹೆಣ್ಣುಮಗುವನ್ನು ಕೈಹಿಡಿದು ಹಗ್ಗದವರೆಗೆ ಬಂದಳು. ಸುಧಾಕರ್ ಎಂಬ ಗಿರಾಕಿ ಎದ್ದುಹೋಗಿ ಅರ್ಧ ಹೋಳಿಗೆಯನ್ನು ಆ ಮಗುವಿನ ಮುಂದೆ ಹಿಡಿದರು. ಮಗು ಕೈ ಚಾಚಿದಾಗ ಹಿಂದಕ್ಕೆ ಎಳೆದುಕೊಂಡರು. ಮುಖ ಸರಿಯಾಗಿ ಬರಲಿಲ್ಲವೆಂದು ಇನ್ನೊಂದು ಸಲ ಹಾಗೆಯೇ ಮಾಡಿ ಮೊಬೈಲಿನಲ್ಲಿ ವಿಡಿಯೋ ತೆಗೆದರು. ಕೊಡಲು ನಿಯಮವಿಲ್ಲವಲ್ಲ ಎಂದು ಸೋಮಶೇಖರರನ್ನು ಕೇಳಿ, ಅವರು ಇಲ್ಲವೆಂದ ಮೇಲೆ ಅದನ್ನು ತಾವೇ ತಿಂದರು. ನಾನು ಶಾಮಿಯಾನದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಇಲ್ಲಿಯದೇನನ್ನೂ ಅಲ್ಲಿ ಬಿಡಬಾರದೆಂಬ ನಿಯಮದ ಪ್ರಕಾರ ಅದನ್ನೂ ಮಣ್ಣು ಸಮೇತ ಕವರಿಗೆ ತುಂಬಿಸಿದರು.

12-25ಕ್ಕೆ ಆ ಹೆಂಗಸು ಬಿದ್ದಳು. ಸ್ಟವ್ ಇದ್ದ ಜಾಗದಿಂದ ಹನ್ನೊಂದು ಹೆಜ್ಜೆ. ಗಿರಾಕಿಗಳು ಗಡಿಯಾರ ನೋಡಿಕೊಂಡರು. ನಾನು ಒಂದು ಚೊಂಬು ಮಜ್ಜಿಗೆಗೆ ನೀರು, ಉಪ್ಪು ಹಾಕಿಕೊಂಡು ಹಗ್ಗ ದಾಟಿದೆ. ಬಹಳ ದಿನ ಹಸಿದವರಿಗೆ ಗಟ್ಟಿ ಆಹಾರ ಕೊಟ್ಟರೆ ಜೀವ ಹೋಗುತ್ತದೆಂದು ಅಜ್ಜಿ ಹೇಳುತ್ತಿದ್ದದ್ದರಿಂದ ಹೋಳಿಗೆ ಒಯ್ಯಲಿಲ್ಲ. ಸೋಮಶೇಖರ್ ಹಿಂದಿನಿಂದ ಕೂಗುತ್ತಿದ್ದರು. ನಾನು ತಿರುಗಲಿಲ್ಲ.

ಆಕೆಯ ಮಾತು ನನಗೆ ಪೂರ್ತಿ ಅರ್ಥವಾಯಿತು. ನಮ್ಮ ಅಜ್ಜಿಯ ಮಾತಿನ ಹಾಗೆಯೇ ಇತ್ತು. ಮಜ್ಜಿಗೆ ಬಾಯಿಗಿಡುವ ಮೊದಲು, ನೀವು ಯಾವ ಜನ ಎಂದು ಕೇಳಿದಳು.

"ಅಡುಗೆ ಮಾಡೋಳು ಕಣವ್ವ, ಕುಡಿ" ಎಂದೆ.

ಎರಡು ಗುಟುಕು ಕುಡಿದು ಚೊಂಬನ್ನು ಮಗುವಿನ ಕಡೆ ತಳ್ಳಿದಳು. ತನ್ನ ಹೆಸರು ಚಿಕ್ಕಬಸಮ್ಮ ಎಂದೂ, ಮಗುವಿನದು ಮೂಗಮ್ಮ ಎಂದೂ, ಗಂಡ ಹಿಂದಿನ ತಿಂಗಳು ತೀರಿಕೊಂಡನೆಂದೂ ಹೇಳಿದಳು. ಶಾಮಿಯಾನದಲ್ಲಿರುವ ದೊರೆಗಳು ತಮ್ಮನ್ನು ಏಕೆ ಹೀಗೆ ನೋಡುತ್ತಿದ್ದಾರೆಂದು ಕೇಳಿದಳು. ನಾನು ಚೊಂಬನ್ನು ಮಗುವಿನ ಬಾಯಿಗೆ ಹಿಡಿದೆ. ಆಮೇಲೆ ಆಕೆ ಹೇಳಿದ ಮಾತನ್ನು ಹೇಳಿದಂತೆಯೇ ಬರೆಸುತ್ತೇನೆ.

"ನನ್ನ ಬುಡು. ಇದು ಉಂಡುದ್ದಾ ನೋಡು."

ಮಗು ಕುಡಿಯಿತು ಎಂದೆ. ಆಕೆ 12-52ಕ್ಕೆ ತೀರಿಕೊಂಡಳು.

ಹಾಳೆಯಲ್ಲಿ 12-31 ಎಂದಿತ್ತು. ಮಜ್ಜಿಗೆಯಿಂದ ಇಪ್ಪತ್ತೊಂದು ನಿಮಿಷ ಹೆಚ್ಚಾಯಿತು. ಗಿರಾಕಿಗಳಲ್ಲಿ ಮೂವರು ಈ ಬಗ್ಗೆ ಸೋಮಶೇಖರರ ಬಳಿ ದೂರಿದರು. ಹೇಳಿದ ಹೊತ್ತಿಗೆ ಆಗಲಿಲ್ಲ, ಅಡುಗೆಯವಳು ಮಧ್ಯೆ ಕೂತದ್ದರಿಂದ ಏನೂ ಕಾಣಿಸಲಿಲ್ಲ ಎಂಬುದು ಅವರ ದೂರು. ನಾನು ಹೆಗಲ ಮೇಲಿನ ಟವೆಲ್ಲನ್ನು ಚಿಕ್ಕಬಸಮ್ಮನ ಮುಖಕ್ಕೆ ಹೊದಿಸಿದ್ದೆ. ಇಲ್ಲಿಯದೇನೂ ಅಲ್ಲಿ ಉಳಿಯಬಾರದೆಂದು ಸೋಮಶೇಖರ್ ಗ್ಲೌಸ್ ಹಾಕಿಕೊಂಡು ಬಂದು ಅದನ್ನು ಎಳೆದುಕೊಂಡರು. ನೊಣ ಬಂದವು. ನಾನು ಸೆರಗಿನಿಂದ ಓಡಿಸುತ್ತಾ ಕೂತೆ.

1-05ಕ್ಕೆ ಸೋಮಶೇಖರ್ ಗಿರಾಕಿಗಳನ್ನು ಕುರಿತು, ಆದ ತೊಂದರೆಗೆ ಕ್ಷಮೆ ಕೇಳಿ, ಇಷ್ಟವಿದ್ದವರು ಮಗುವಿನದು ಆಗುವವರೆಗೆ, ಅಂದರೆ 4-10ರವರೆಗೆ ಇರಬಹುದು, ಕೈ ಎತ್ತಿ ಎಂದರು. ಐದು ಜನ ಕೈ ಎತ್ತಿದರು. ಒಬ್ಬರು ಅಲ್ಲಿಯವರೆಗೆ ಕಾಫಿ ಸಿಗುವುದೇ ಎಂದು ಕೇಳಿದರು.

ನಾನು ಹಾಲು ತಂದಿಲ್ಲ, ಪಾತ್ರೆಗಳನ್ನು ಕಂಪನಿಗೆ ಒಯ್ದು ಇಳಿಸಿ, ಬರುವಾಗ ಹಾಲು ತರುತ್ತೇನೆಂದು ಹೇಳಿದೆ. ಹಾಲು ಇತ್ತು. ಅದು ಸುಳ್ಳು. ಗಿರಾಕಿಗಳೆಲ್ಲ ಕುರ್ಚಿಗಳನ್ನು ನೆರಳಿಗೆ ಸರಿಸಿಕೊಳ್ಳುತ್ತಿದ್ದಾಗ ಐಸ್‌ಬಾಕ್ಸನ್ನು ಖಾಲಿ ಮಾಡಿ ಮಗುವನ್ನು ಅದರಲ್ಲಿ ಮಲಗಿಸಿದೆ. ಮಗು ತಾಯಿಯನ್ನು ನೋಡಿತು, ಅಳಲಿಲ್ಲ. ಅಳುವಷ್ಟು ಶಕ್ತಿ ಇರಲಿಲ್ಲ. ಉಸಿರಾಡಲೆಂದು ಮುಚ್ಚಳದ ಸಂದಿಗೆ ಸೌಟು ಸಿಕ್ಕಿಸಿದೆ. ಬಾಕ್ಸಿನ ಇನ್ನೊಂದು ಹಿಡಿಯನ್ನು ರೂಪಶ್ರೀ ಬಂದು ಹಿಡಿದುಕೊಂಡಳು. ಒಳಗೆ ಏನಿದೆಯೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳ ಮೇಲೆ ನನ್ನ ದೂರಿಲ್ಲ.

1-20ಕ್ಕೆ ಕೋಣೆಯ ಬಾಗಿಲು ಹಾಕಿಕೊಂಡೆ. 1-31ಕ್ಕೆ ಇಲ್ಲಿ ಬಾಗಿಲು ತೆರೆಯಿತು. ಗೇಟಿನ ಬಳಿ ಆಟೋ ಹತ್ತಿ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಹೋಗಿ 3-15ಕ್ಕೆ ಮಗುವನ್ನು ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಸೇರಿಸಿದೆ. ಬಸ್ಸಿನಲ್ಲಿ ಮಗು ಕಣ್ಣುಬಿಟ್ಟು, ಗಾಡಿಗೆ ಎತ್ತುಗಳು ಎಲ್ಲಿ ಎಂದು ಕೇಳಿತು. ಆಸ್ಪತ್ರೆಯಲ್ಲಿ ತೂಕ 8 ಕೆ.ಜಿ. 200 ಗ್ರಾಂ ಬಂತು. 4-10ಕ್ಕೆ ನಾನು ವಾರ್ಡಿನ ಗಡಿಯಾರದ ಕೆಳಗೆ ಮಗುವಿನ ಕೈಹಿಡಿದು ನಿಂತಿದ್ದೆ. ಡ್ರಿಪ್ಪು ಇಳಿಯುತ್ತಿತ್ತು. 4-11 ಆಯಿತು.

ದಿನಾಂಕ 14-08-2025ರ ಬೆಳಿಗ್ಗೆ 11 ಗಂಟೆಗೆ ಸೋಮಶೇಖರ್ ಆಸ್ಪತ್ರೆಗೆ ಬಂದರು. ಹೊರಗೆ ಕರೆದು, ಮಗುವನ್ನು ವಾಪಸ್ಸು ಆ ದಿನಕ್ಕೆ ಬಿಟ್ಟುಬರಬೇಕು, ಇಲ್ಲದಿದ್ದರೆ ಕಂಪನಿಯ ಲೈಸೆನ್ಸ್ ಹೋಗುತ್ತದೆ ಎಂದರು. ಬಿಟ್ಟುಬಂದರೆ ಅದು ಸಾಯುವುದಿಲ್ಲವೇ ಎಂದು ಕೇಳಿದೆ.

"ಅದು ಸತ್ತು ನೂರಾ ನಲವತ್ತೆಂಟು ವರ್ಷ ಆಗಿದೆ ಕಣಮ್ಮ" ಎಂದರು.

"ಬೆಳಿಗ್ಗೆ ಗಂಜಿಗೆ ಉಪ್ಪು ಸಾಲ್ದು ಅಂದ್ಲು ಕಣಪ್ಪ" ಎಂದೆ.

ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಅವರ ಮೈಯಿಂದ ಗಂಧದೆಣ್ಣೆಯ ವಾಸನೆ ಬರುತ್ತಿತ್ತು. ಮುಂದಿನ ಭಾನುವಾರಕ್ಕೂ ಹದಿನಾರು ಜನ ಹೆಸರು ಬರೆಸಿದ್ದಾರೆ, ಈ ಗೊಂದಲ ಬೇಡ ಎಂದು ಹೇಳಿ ಹೋದರು.

ಮರುದಿನ ಕಂಪನಿಯವರು ಇದೇ ಠಾಣೆಯಲ್ಲಿ ನನ್ನ ಮೇಲೆ ದೂರು ಕೊಟ್ಟಿರುವುದು ತಿಳಿಯಿತು. ಅದನ್ನು ತಾವು ಈ ದಿನ ನನಗೆ ಓದಿ ಹೇಳಿದಿರಿ. ಪ್ರವಾಸದ ಸ್ಥಳದಿಂದ ಒಂದು ವಸ್ತುವನ್ನು ಅನುಮತಿಯಿಲ್ಲದೆ ತಂದಿದ್ದಾಳೆ, ಕಳ್ಳತನದ ಕೇಸು ದಾಖಲಿಸಬೇಕೆಂದು ಅದರಲ್ಲಿದೆ. ಮಗು ಎಂಬ ಮಾತು ಎರಡು ಪುಟದಲ್ಲಿ ಎಲ್ಲಿಯೂ ಇಲ್ಲ.

ಈ ಬಗ್ಗೆ ನನ್ನ ತಕರಾರು ಇಷ್ಟು. ನಾನು ವಸ್ತು ಕದ್ದಿಲ್ಲ. ಯಾರ ಒಪ್ಪಿಗೆಯನ್ನೂ ಕೇಳದೆ ಒಂದು ಮಗುವನ್ನು ಬಚ್ಚಿಟ್ಟುಕೊಂಡು ಬಂದಿದ್ದೇನೆ. ಅದಕ್ಕೆ ಅಪಹರಣ ಎನ್ನುತ್ತಾರೆಂದು ತಾವೇ ತಿಳಿಸಿದಿರಿ. ಸತ್ತವರನ್ನು ಅಪಹರಿಸಲು ಬರುವುದಿಲ್ಲ ಎಂದೂ ತಿಳಿಸಿದಿರಿ. ಆದ್ದರಿಂದ ನನ್ನ ಮೇಲೆ ಅಪಹರಣದ ಕೇಸನ್ನೇ ದಾಖಲಿಸಬೇಕೆಂದು ಕೋರುತ್ತೇನೆ. ಶಿಕ್ಷೆಯಾದರೆ ಅನುಭವಿಸುತ್ತೇನೆ. ಅಪಹರಣಕ್ಕೊಳಗಾದವರ ಹೆಸರು ಎಂಬಲ್ಲಿ ಮೂಗಮ್ಮ, ತಾಯಿ ಚಿಕ್ಕಬಸಮ್ಮ, ವಯಸ್ಸು ಸುಮಾರು ಐದು ವರ್ಷ, ಜೀವಂತ ಎಂದು ಬರೆದು, ಸರ್ಕಾರದ ಸೀಲು ಹಾಕಿ, ಒಂದು ಪ್ರತಿಯನ್ನು ನನಗೆ ಕೊಡಬೇಕು.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಹೇಳದ್ದು ಇಲ್ಲ. ಮಗುವಿನ ಹುಟ್ಟಿದ ತಾರೀಖು ಎಂಬ ಜಾಗ ಖಾಲಿ ಬಿಟ್ಟಿರುವುದು ನನಗೆ ಗೊತ್ತಿದ್ದೇ ಬಿಟ್ಟದ್ದು.

ಸ್ಥಳ: ಗುಂಡ್ಲುಪೇಟೆ
ದಿನಾಂಕ: 16-08-2025, ಮಧ್ಯಾಹ್ನ 12-40
(ಸಹಿ) ಮಲ್ಲಾಜಮ್ಮ