ಎರಡು ಕೆನ್ನೆ, ಎರಡು ಸ್ಪಂಜು

ಓಶ್ ಪೇಟೆಯ ಮಿನಿಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕತಂಗಿಯರ ಮಾತು ಬುರುಲ್ಕಾನ್ ಅಜ್ಜಿಯ ಕಿವಿಗೆ ಬೀಳುತ್ತಲೇ ಇತ್ತು.

“ಅಲುಗಾಡಬೇಡ ಅಕ್ಕಾ! ನಿನ್ನ ಎಡಗೆನ್ನೆಗೆ ದುಬಾರಿ ಸ್ಪಂಜಲ್ಲಿ ಮೇಕಪ್ ಹಚ್ಚಿದ್ದೀನಿ, ಬಲಗೆನ್ನೆಗೆ ಸಂತೇಲಿ ಬರೀ ಅರವತ್ತು ಸೋಮ್ ಕೊಟ್ಟು ತಂದ ಅಗ್ಗದ್ರಲ್ಲಿ.”

“ದುಬಾರೀದು ಯಾರದ್ದೇ, ಜಿಬೆಕ್?”

“ಗೆಳತೀದು. ಇವತ್ತೇ ವಾಪಸ್ ಕೊಡ್ಬೇಕು.”

“ಹಂಗಾದ್ರೆ ನಾಳೆ ಮದುಮಗಳಿಗೆ ಅಗ್ಗದ್ರಲ್ಲೇನಾ?”

“ಅದೇ ಭಯ ಕಣೆ! ನನ್ನ ಕೈಯಿಂದ ಸಿಂಗಾರ ಆಗೋ ಮೊದಲನೇ ಮದುಮಗಳು. ಮಾನ ಹೋಗಬಾರ್ದು.”

“ಸ್ಪಂಜುಗಳನ್ನ ಚೆನ್ನಾಗಿ ನೆನೆಸಿ ಹಿಂಡಿದ್ಯಾ?”

“ಹೂಂ. ನೆನೆದ ಮೇಲೆ ಎರಡೂ ಬೆಣ್ಣೆ ಥರಾನೇ ಮೆತ್ತಗಿತ್ತು!”

ಅಕ್ಕ ಹಿಂದೆ ತಿರುಗಿದಳು. “ಅಜ್ಜೀ, ಯಾವ ಕೆನ್ನೆ ಚಂದ?”

ಅಜ್ಜಿ ಕನ್ನಡಕ ಏರಿಸಿ ದಿಟ್ಟಿಸಿದಳು. “ಎರಡೂ ಒಂದೇ ಥರ ಇದೆಯಲ್ಲೇ, ಮಗಳೇ.”

“ಹಂಗಾದ್ರೆ ಅಗ್ಗದ್ದೇ ಸಾಕು!” ಎಂದು ಜಿಬೆಕ್ ಖುಷಿಯಿಂದ ಕಿರುಚಿದ ರಭಸಕ್ಕೆ ಡ್ರೈವರ್ ಬ್ರೇಕ್ ಒತ್ತಿದ. ಅವರು ಇಳಿಯಬೇಕಾದ ಜಾಗ ಅದಲ್ಲ. ಆದರೂ ಇಬ್ಬರೂ ಕೈಕೈ ಹಿಡಿದು ಇಳಿದು, ನಗುತ್ತ ಓಡಿದರು.