ಅರ್ಧ ಹೊಳಪು

ಹರಿಹರದ ಬಸ್ ನಿಲ್ದಾಣದಲ್ಲಿ ಕೊಕ್ಕನೂರಿನ ಬಸ್ಸಿಗೆ ಕಾಯುತ್ತಿದ್ದ ರೇವತಿಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಅಲ್ಲಿ ಮುದುಕನೊಬ್ಬನ ಪಕ್ಕ ಕೂತ ಹೆಣ್ಣುಮಗಳೊಬ್ಬಳು ಅಂಗೈಯಲ್ಲಿದ್ದ ಹಿತ್ತಾಳೆಯ ಪುಟ್ಟ ಬಿಲ್ಲೆಯನ್ನು ಬೆಳಕಿಗೆ ಹೊರಳಿಸುತ್ತಿದ್ದಳು.

“ಮಾವಾ, ಅರ್ಧ ಒರಟಾಗೇ ಇರ್ಲಿ ಅಂದಿದ್ನಲ್ರಿ. ಪೂರ್ತಿ ಉಜ್ಜಿಬಿಟ್ಟೀರಲ್ಲ.”

“ದೇವ್ರ ದೀಪ, ಮದುವಿ ಕೊಡ ಉಜ್ಜಿದ ಕೈ ಇದು. ಈ ಗುಡ್ಡಪ್ಪ ಅರ್ಧಕ್ಕೇ ಬಿಟ್ಟ ಅನ್ನಲ್ವೇನು ಮಂದಿ?”

“ಕೊಡ ಅಲ್ರಿ, ಕೈಗೆ ಕಟ್ಟೋ ವಾಚಿನ ಮುಖ ಇದು. ಬಿಲ್ಲೆ ಎಲ್ಲಾ ಕನ್ನಡಿ ಆದ್ರೆ ಅದರ ಮೇಲೆ ಮುಳ್ಳು ಹೆಂಗೆ ಕಾಣಬೇಕು? ನಾನು ಚಿತ್ರ ಬರ್ದಿದ್ದೇ ಅರ್ಧ ಹೊಳಪಿಗೆ. ದಾವಣಗೆರೆ ಅಂಗಡಿಯವ್ರು ಇವತ್ತೇ ನೋಡ್ತಾರೆ.”

ಮುದುಕ ಎದ್ದು ನಿಂತ. ಮತ್ತೆ ಕೂತ.

“ಈಗೇನ್ ಮಾಡಾದು, ಆಶಾ?”

“ಅರ್ಧಕ್ಕೆ ಎಮರಿ ಕಾಗದ ಎಳೀರಿ, ಗೀರು ಬಿದ್ದು ಒರಟಾಗ್ತದೆ.”

“ಗೀರು ತೆಗ್ದು ಗೊತ್ತು, ಹಾಕಿ ಗೊತ್ತಿಲ್ಲವ್ವ.”

“ಹಂಗಾರೆ ನಾನೇ ಎಳೀತೀನಿ.”

ಅವಳು ಚೀಲದಿಂದ ಒರಟು ಕಾಗದ ತೆಗೆದಳು. ಅಷ್ಟರಲ್ಲಿ ದಾವಣಗೆರೆ ಬಸ್ಸು ಬಂತು.

“ನೀನು ಬ್ಯಾಡ, ಸೊಟ್ಟ ಎಳೀತಿ. ಕೊಡಿಲ್ಲಿ.”

ಇಬ್ಬರೂ ಹತ್ತಿದರು. ಬಸ್ಸು ತಿರುಗುವಾಗ ರೇವತಿ ಕಿಟಕಿಯತ್ತ ನೋಡಿದಳು. ಮುದುಕ ಬಿಲ್ಲೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಹಲ್ಲು ಕಚ್ಚಿಕೊಂಡು, ಮೊದಲ ಗೀರು ಎಳೆಯುತ್ತಿದ್ದ.