ಫೋನಿನ್ಯಾಗಿನ ತಮ್ಮ

…ಅಲ್ರೀ ಅಕ್ಕಾರ, ನಾನ ಶಾಂತಪ್ಪ. ನನ್ನ ಹಿಂದ ಯಾರನ್ನ ಹುಡಕತೀರಿ? ಹಿಂದ ಲಿಫ್ಟಿನ ಬಾಗಲಾ ಬಿಟ್ರ ಯಾರೂ ಇಲ್ಲ. ನಿನ್ನೆ ಫೋನಿನ್ಯಾಗ ಅರ್ಧಾ ತಾಸು ಮಾತಾಡಿದ್ನೆಲ್ಲ, ಎದರಿನ ನಿಮ್ಮ ಖಾಲಿ ಮನಿ ಬಾಡಿಗಿಗೆ ಕೇಳಿದ ಹಳಿಯಾಳದ ಶಾಂತಪ್ಪ, ಅಂವಾ ನಾನ. ಹೂಂ, ಇದ ಮಾರಿ. ಬ್ಯಾರೆ ಮಾರಿ ಮನ್ಯಾಗ ಬಿಟ್ಟು ಬಂದಿಲ್ಲ.

ಒಳಗ ಬರಲ್ಯಾ? ಬಂದೆ. ನೀವು ಹೂಂ ಅನ್ನೂತನಾ ಕಾದ್ರ ಸಂಜಿ ಆದೀತು.

ನಿನ್ನೆ ಏನಂದಿದ್ರಿ, ನೆನಪೈತಿ? ‘ತಮ್ಮಾ, ನಿನ್ನ ಮಾತು ಕೇಳಿ ಧಾರವಾಡದ ನಮ್ಮ ಓಣ್ಯಾಗ ನಿಂತಂಗಾತು ನೋಡು’ ಅಂದ್ರಿ. ‘ನಮ್ಮವರು ಅಂದಮ್ಯಾಲೆ ಏನು ಕೇಳೂದದ, ನಾಳೆನ ಬಂದುಬಿಡು’ ಅಂದ್ರಿ. ಇವತ್ತು ಬಾಗಲಾ ತಗದು ‘ಯೆಸ್? ಹೂ ಆರ್ ಯು?’ ಅಂದ್ರಿ. ಒಂದ ದಿನದಾಗ ತಮ್ಮ ಹೋಗಿ ಫಾರಿನ್ನವ ಆದೆ. ಅದೂ ವೀಸಾದ ಖರ್ಚಿಲ್ಲದ.

ಯಾಕ ನಗತೀರಿ? ನಗ್ರಿ, ನಗ್ರಿ. ನಿಮ್ಮೊಬ್ಬರದ ಏನಲ್ಲ. ಘಾಟ್ಕೋಪರ್ ಸ್ಟೇಷನ್ನಿನ್ಯಾಗ ಟಿಸಿ ನನಗ ಇಂಗ್ಲಿಷಿನ್ಯಾಗ ದಾರಿ ಹೇಳತಾನ. ನಾ ಮರಾಠಿಯೊಳಗ ಉತ್ತರಾ ಕೊಟ್ರ ಅವಗ ಬ್ಯಾಸರಾ ಆಗತೈತಿ. ಮಾಟುಂಗಾದ ಹೋಟೆಲಿನ್ಯಾಗ ಸುಕೇಶ್ ಅಂತ ವೇಟರ್, ಮಂಗಳೂರ ಕಡ್ಯಾಂವ, ಇಡ್ಲಿ ಹೆಂಗ ತಿನ್ನೂದಂತ ನನಗ ಕೈ ಮಾಡಿ ತೋರಿಸಿದ. ನಾ ಏನು ಕಮ್ಮಿ? ಇಡ್ಲಿ ಎತ್ತಿ ಮೂಸಿ, ‘ವಿಚ್ ಫ್ರೂಟ್?’ ಅಂದೆ. ಪಾಪ, ಇದು ಗಿಡದಾಗ ಬೆಳಿಯೂದಲ್ಲ ಅಂತ ತಿಳಸಾಕ ಮಾಲಕನ್ನ ಕರಕೊಂಡು ಬಂದ. ಏಳೂವಾಗ ‘ಚಟ್ನಿಗೆ ಉಪ್ಪು ಕಮ್ಮಿ ಆಗೈತಿ ಧಣಿ’ ಅಂದೆ. ಇಬ್ಬರೂ ಇನ್ನೂ ಅಲ್ಲೇ ನಿಂತಿರಬೇಕು.

ಮೂಲ ಊರು? ಹಳಿಯಾಳಾರೀ. ಅದಕ್ಕೂ ಮೂಲ? ಹಳಿಯಾಳದ ಅಡವಿ. ಅದಕ್ಕೂ… ಹಿಂಗ ಕೆದಕಾಕ ಹತ್ತಿದ್ರ ಧಾರವಾಡದವರೂ ಎಲ್ಲಿಂದರ ಬಂದವರ ಇರತಾರ. ಆತು, ಹೇಳತೀನಿ. ನಾವು ಸಿದ್ದಿ ಜನ. ನಮ್ಮ ಮುತ್ತ್ಯಾನ ಮುತ್ತ್ಯಾ ಆಫ್ರಿಕಾದಾಗ ರಾಜ. ಪೋರ್ತುಗೀಸರ ಹಡಗು ಹತ್ತಿ ಗೋವಾಕ್ಕ ಹವಾ ತಿನ್ನಾಕ ಬಂದ. ನಂಬಲಿಲ್ಲ? ಹಂಗಾದ್ರ ಹಡಗಿನ ಅಡಗಿಯವ. ಅದೂ ಬ್ಯಾಡಾ? ಸರಿ ಬಿಡ್ರಿ. ಸರಪಳಿ ಹಾಕಿ ತಂದು ಮಾರಿದ್ರು, ತಪ್ಪಿಸಿಕೊಂಡು ಅಡವಿ ಹೊಕ್ಕ. ನೋಡ್ರಿ, ಇದನ್ನ ಹೇಳಿದ ಕೂಡಲೆ ಎಲ್ಲಾರ ಮಾರಿ ಹಿಂಗ ಸಣ್ಣ ಆಗತೈತಿ. ಅದಕ್ಕ ನಾ ಮೊದಲು ರಾಜನ್ನ ಕಳಸೂದು.

ಈ ಪುಸ್ತಕದ ಹಿಂದ ನಿಮ್ಮ ಫೋಟೋ ಐತೆಲ್ಲ. ನೀವ ಬರದದ್ದಾ? ‘ಆಫ್ರಿಕನ್ ಅಮೆರಿಕನ್ ಕಾದಂಬರಿಗಳಲ್ಲಿ ಮನೆಯ ಹುಡುಕಾಟ.’ ಅಬಬಬಾ. ಕಾಲೇಜಿನ್ಯಾಗ ಇದನ್ನ ಕಲಸತೀರಿ? ಅಂದ್ರ ಅವರ ಮುತ್ತ್ಯಾಗೋಳು ಹತ್ತಿದ ಹಡಗು ಆ ಕಡೆ ಹೋತು, ನಮ್ಮ ಮುತ್ತ್ಯಾಂದು ಈ ಕಡೆ ಬಂತು. ಅವರಿಗೆ ನಿಮ್ಮ ಕಪಾಟಿನ್ಯಾಗ ಜಾಗಾ ಸಿಕ್ತು. ಪುಣ್ಯವಂತರು, ಅರಮನಿಯಂಥಾ ಕಪಾಟು.

ಇಲ್ಲೆ ಏನೋ ಬರದೀರಿ… ‘ಗೋಡೆ ಕಟ್ಟಿದ ಮಾತ್ರಕ್ಕೆ ಮನೆಯಾಗುವುದಿಲ್ಲ, ಒಳಗಿನಿಂದ ಯಾರಾದರೂ ಕರೆಯಬೇಕು.’ ಭಾಳ ಚಂದ ಬರದೀರಿ ಅಕ್ಕಾರ. ಆದ್ರ ಗೋಡೆನೂ ಬೇಕಾಗತಾವ, ಕ್ಯಾಲೆಂಡರ್ ತೂಗಹಾಕಾಕ. ಆ ಕಾದಂಬರಿ ಜನಕ್ಕ ಕಡೀಕ ಮನಿ ಸಿಗತೈತೇನು? ಹಿಂಗ ಅರ್ಧಾ ಹೂಂ, ಅರ್ಧಾ ಉಹೂಂ ತಲಿ ಅಲ್ಲಾಡಿಸಿದ್ರ ನಮಗೇನು ತಿಳೀಬೇಕು? ನಮ್ಮ ಬ್ರೋಕರೂ ಹಿಂಗ ಅಲ್ಲಾಡಸತಾನ.

ಏನು? ಸೊಸೈಟಿ ಕಮಿಟಿಯವರನ್ನ ಕೇಳಬೇಕಾ? ಕೇಳ್ರಿ. ನಿನ್ನೆ ಫೋನಿನ್ಯಾಗ ಕಮಿಟಿ ಇರಲಿಲ್ಲ, ಮುಂಜಾನೆ ಹುಟ್ಟಿರಬೇಕು.

ಚಿಂತಿ ಮಾಡಬ್ಯಾಡ್ರಿ. ಖರೇನ ಮನಿ ಬೇಕಂತ ಬಂದೀನಿ ಅಂದಕೊಂಡ್ರೇನು? ನನಗ ಇದೊಂದು ಚಟ. ಫೋನಿನ್ಯಾಗ ಚಂದಂಗ ಮಾತಾಡೂದು, ಆಮ್ಯಾಲೆ ಬಂದು, ಬಾಗಲಾ ತಗದವರ ಮಾರಿ ನೋಡೂದು. ದಾದರಿನ್ಯಾಗ ಒಬ್ಬರು ನನ್ನ ನೋಡಿ ‘ಮನಿ ಮಾರಿಬಿಟ್ಟೀವಿ’ ಅಂದ್ರು. ಒಳಗ ಅವರ ಮನ್ಯಾವರು ಒಗ್ಗರಣಿ ಹಾಕಾಕತ್ತಿದ್ರು. ನೀವು ಪಾಡ, ಚಾ ಆದರೂ ಕೊಟ್ರಿ. ನಾ ಲಿಫ್ಟ್ ರಿಪೇರಿ ಮಾಡಾಂವ. ಈ ಊರಾಗ ನಾ ಹತ್ತದ ಬಿಲ್ಡಿಂಗಿಲ್ಲ, ಇಳೀದ ಬಿಲ್ಡಿಂಗೂ ಇಲ್ಲ. ಇರಾಕ ಚಾಳಿನ್ಯಾಗ ಖೋಲಿ ಐತಿ, ಆರಾಮ ಐತಿ. ನನಗೇನು ಗಡಬಡಿ?

ಎದ್ದ್ರೆಲ್ಲ… ಗ್ಯಾಲರಿಗೆ ಯಾಕ ಹೊಂಟ್ರಿ? ಅಲ್ಲೇನೂ ಇಲ್ಲ, ಬರ್ರಿ, ಚಾ ಆರತೈತಿ.

ಕೆಳಗಿನ ಟೆಂಪೋನಾ? ಯಾರದೋ ಇರಬೇಕು. ಮುಂಬೈಯಾಗ ಟೆಂಪೋಕ್ಕೇನು ಬರಾ ಬಂದೈತೇನು. ಗಾದಿ, ಸೈಕಲ್, ಮಿಕ್ಸರ್… ಎಲ್ಲಾರ ಮನ್ಯಾಗೂ ಇರತಾವ. ಸಾಮಾನಿನ ಮ್ಯಾಲೆ ಕುಂತ ಆ ಹುಡಗಿ ಕೂದಲಾ ನನ್ನಂಗ ಗುಂಗರ ಇದ್ರ ನಾ ಏನು ಮಾಡ್ಲಿ?

ಅಕ್ಕಾರ, ನೀವು ಒಮ್ಮೆ ಕೆಳಗ, ಒಮ್ಮೆ ನನ್ನ ತಲಿ ಹಿಂಗ ನೋಡಿದ್ರ…

ಆಕಿ ನಮ್ಮಾಕಿ, ಮಲ್ಲವ್ವ. ಪೋರಿ ನಮ್ಮದ. ಮಲ್ಲವ್ವನ ಕೈಯಾಗಿನ ಡಬರ್ಯಾಗ ಹಾಲೈತಿ, ಹೊಸಾ ಒಲಿ ಮ್ಯಾಲೆ ಉಕ್ಕಿಸಾಕ. ಚಾಳಿನ ಖೋಲಿ ಮುಂಜಾನೆ ಖಾಲಿ ಮಾಡಿ ಕೀಲಿ ಕೊಟ್ಟು ಬಂದೀವಿ. ‘ಮೊದಲ ಅವರು ನಿಮ್ಮ ಮಾರಿ ನೋಡ್ಲಿ, ಆಮ್ಯಾಲೆ ಸಾಮಾನು ಕಟ್ಟೂಣು’ ಅಂತ ಆಕಿ ಬಡಕೊಂಡ್ಲು. ನಾನ ಕೇಳಲಿಲ್ಲ. ‘ಈ ಅಕ್ಕಾರು ಹಂಗಲ್ಲ, ಕಾಲೇಜಿನ್ಯಾಗ ಕಲಸತಾರ’ ಅಂದೆ.

ಆ ಕೈ ಗ್ರಿಲ್ಲಿನ ಮ್ಯಾಲೇ ಇರಲಿ ಅಕ್ಕಾರ, ಎತ್ತಬ್ಯಾಡ್ರಿ. ಗ್ಯಾಲರ್ಯಾಗಿಂದ ಕೈ ಎತ್ತಿದ್ರ ಸಾಮಾನು ಇಳಸು ಅಂತ ಮಲ್ಲವ್ವಗ ಹೇಳಿ ಬಂದೀನಿ. ನೀವು ಕೂದಲಾ ಸರಿ ಮಾಡಿಕೊಳ್ಳಾಕ ಎತ್ತಿದ್ರೂ ಅಷ್ಟು ದೂರದಾಗ ಆಕಿಗೆ ಫರಕ ತಿಳಿಯೂದಿಲ್ಲ.